ಸ್ತನ ತೆಗೆದ ಮೇಲೆ ಎಕ್ಸ್‌ಪ್ಯಾಂಡರ್: ಕಲಬುರಗಿಯಿಂದ ಹೊರಡುವ ಮುಂಚೆ, ಮನೆಗೆ ಬಂದ ಮೇಲೆ

ಜೋಳದ ರೊಟ್ಟಿ ಬಡಿಯುವಾಗ ಎದೆಯ ಸ್ನಾಯು ಇಷ್ಟು ಕೆಲಸ ಮಾಡುತ್ತದೆ ಅಂತ 44 ವರ್ಷ ನನಗೆ ಗೊತ್ತಿರಲಿಲ್ಲ. ಕ್ಯಾನ್ಸರ್ ಅಂತ ಎಡ ಸ್ತನ ತೆಗೆದು, ಅಲ್ಲಿನ ಸ್ನಾಯುವಿನ ಕೆಳಗೆ ಒಂದು ಚೀಲ ಇಟ್ಟು ಹೊಲಿದ ಮೇಲೆ ಗೊತ್ತಾಯಿತು. ಐದನೇ ವಾರಕ್ಕೆ, ಯಾರೂ ನೋಡದಾಗ, ಒಂದೇ ಒಂದು ರೊಟ್ಟಿ ಬಡಿದೆ. ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಆ ಚೀಲಕ್ಕೆ ಟಿಶ್ಯೂ ಎಕ್ಸ್‌ಪ್ಯಾಂಡರ್ ಅಂತಾರೆ. ಅದರ ವೈದ್ಯಕೀಯ ವಿಷಯವನ್ನು ಡಾಕ್ಟರ್ ಚೆನ್ನಾಗಿಯೇ ಹೇಳಿದರು. ಆದರೆ ಕಲಬುರಗಿಯಿಂದ ಐದು ಸಲ ಹೈದರಾಬಾದಿಗೆ ಹೋಗಿ ಬರಬೇಕು, ಮೇ ತಿಂಗಳ ಬಿಸಿಲಲ್ಲಿ ಎದೆ ಮೇಲೆ ಕಲ್ಲು ಕಟ್ಟಿಕೊಂಡ ಹಾಗೆ ಇರಬೇಕು, ಬ್ಲೌಸು ಒಂದೂ ಹತ್ತುವುದಿಲ್ಲ ಅಂತ ಯಾರೂ ಹೇಳಲಿಲ್ಲ. ಈ ಬರಹ ಅದಕ್ಕೆ. ಡಾಕ್ಟರ್ ಹೇಳಿದ್ದಕ್ಕೂ ಇಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಡಾಕ್ಟರ್ ಮಾತೇ ಕೇಳಿ. ನಿಮ್ಮ ಮೈ ಅವರು ನೋಡಿದ್ದಾರೆ, ನಾನು ನೋಡಿಲ್ಲ.

ಚೀಲ ಮಾಡುವ ಕೆಲಸ ಏನು

ಬಸುರಿಯ ಹೊಟ್ಟೆ ಹಿಗ್ಗುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಚರ್ಮವನ್ನು ನಿಧಾನಕ್ಕೆ ಒತ್ತುತ್ತಾ ಹೋದರೆ ಅದು ಹಿಗ್ಗುತ್ತದೆ, ಬೆಳೆಯುತ್ತದೆ. 1957ರಲ್ಲಿ ನ್ಯೂಮನ್ ಎಂಬ ಸರ್ಜನ್ ಒಬ್ಬರ ಕಿವಿ ಸರಿಮಾಡಲು ಚರ್ಮದ ಕೆಳಗೆ ಬಲೂನು ಇಟ್ಟು ಉಬ್ಬಿಸಿದ್ದರು. ಸ್ತನಕ್ಕೆ ಈ ಉಪಾಯವನ್ನು ಬಳಕೆಗೆ ತಂದವರು ರಾಡೋವನ್. ಅವರ ಲೇಖನ ಬಂದದ್ದು 1982ರಲ್ಲಿ.

ಸ್ತನ ತೆಗೆದಾಗ ಗಡ್ಡೆಯ ಜೊತೆ ಚರ್ಮವೂ ಸ್ವಲ್ಪ ಹೋಗುತ್ತದೆ. ಉಳಿದ ಚರ್ಮ ಬಿಗಿ. ಅದರೊಳಗೆ ಪೂರ್ತಿ ಗಾತ್ರದ ಇಂಪ್ಲಾಂಟ್, ಅಂದರೆ ಸ್ತನದ ಆಕಾರಕ್ಕೆ ಒಳಗೆ ಇಡುವ ಕೃತಕ ವಸ್ತು, ಒಮ್ಮೆಲೇ ಹಿಡಿಸುವುದಿಲ್ಲ. ಹಾಗಾಗಿ ಮೊದಲು ಸಿಲಿಕಾನ್ ಚೀಲ ಇಡುತ್ತಾರೆ. ಕೆಲವರಿಗೆ ಸ್ನಾಯುವಿನ ಕೆಳಗೆ, ಕೆಲವರಿಗೆ ಮೇಲೆ. ಆಪರೇಷನ್ ದಿನವೇ ಸ್ವಲ್ಪ ಸಲೈನ್ ತುಂಬಿರುತ್ತಾರೆ. ಎರಡು ಮೂರು ವಾರ ಬಿಟ್ಟು, ಹೊಲಿಗೆ ಆರಿದ ಮೇಲೆ, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸೂಜಿಯಿಂದ ಇನ್ನಷ್ಟು ತುಂಬಿಸುತ್ತಾರೆ. ಬೇಕಾದ ಗಾತ್ರ ಬಂದ ಮೇಲೆ ಕೆಲವು ವಾರ, ಕೆಲವು ತಿಂಗಳು ಹಾಗೇ ಬಿಡುತ್ತಾರೆ. ನಂತರ ಎರಡನೇ ಆಪರೇಷನ್. ಚೀಲ ಹೊರಗೆ, ಇಂಪ್ಲಾಂಟ್ ಒಳಗೆ.

ಅಂದರೆ ಇದು ಒಂದು ಆಪರೇಷನ್ ಅಲ್ಲ. ಎರಡು ಆಪರೇಷನ್, ನಡುವೆ ಒಂದಷ್ಟು ಪ್ರಯಾಣ. ನನಗೆ ಜನವರಿಯಲ್ಲಿ ಶುರುವಾಗಿ ಜುಲೈಗೆ ಮುಗಿಯಿತು. ನಮ್ಮ ಭಾಗದವರು ಒಪ್ಪುವ ಮುಂಚೆ ಕ್ಯಾಲೆಂಡರ್ ತೆಗೆದು ಈ ಲೆಕ್ಕ ಹಾಕಲೇಬೇಕು.

ಬೇಕೋ ಬೇಡವೋ

ನಮ್ಮ ಅತ್ತೆ ಕೇಳಿದ್ದು ಒಂದೇ ಮಾತು. "ಜೀವಾ ಉಳದದಲ್ಲಾ, ಇನ್ನ ಇದೆಲ್ಲಾ ಯಾಕ್ ಬೇಕವ್ವಾ?" ಅವರ ಪ್ರಶ್ನೆ ತಪ್ಪೇನಲ್ಲ. ಬೇಡ ಅನ್ನುವವರು ಸುಮ್ನೆ ಚಪ್ಪಟೆ ಎದೆಯಲ್ಲೇ ಇರಬಹುದು. ಬ್ರಾ ಒಳಗೆ ಇಡುವ ಹತ್ತಿಯ ಅಥವಾ ಸಿಲಿಕಾನ್ ಪ್ಯಾಡ್ ಬಳಸಬಹುದು. ಹೊಟ್ಟೆಯ ಅಥವಾ ಬೆನ್ನಿನ ಮಾಂಸ ತಂದು ಸ್ತನ ಮಾಡುವ ಫ್ಲಾಪ್ ಆಪರೇಷನ್ ಕೂಡ ಇದೆ. ಅದು ದೊಡ್ಡ ಆಪರೇಷನ್, ಆದರೆ ಅದರಲ್ಲಿ ಸಾಮಾನ್ಯವಾಗಿ ಈ ತುಂಬಿಸುವ ಓಡಾಟ ಇರುವುದಿಲ್ಲ. ಈಗಲೇ ತೀರ್ಮಾನ ಮಾಡಬೇಕು ಅಂತಲೂ ಇಲ್ಲ. ಎಷ್ಟೋ ಜನ ಚಿಕಿತ್ಸೆ ಎಲ್ಲ ಮುಗಿಸಿ ವರ್ಷಗಳ ನಂತರ ಮಾಡಿಸಿಕೊಳ್ಳುತ್ತಾರೆ.

ಒಂದು ಹೆದರಿಕೆಯನ್ನು ಮಾತ್ರ ಪಕ್ಕಕ್ಕಿಡಿ. ಸ್ತನ ಮತ್ತೆ ಕಟ್ಟಿಸಿಕೊಂಡರೆ ಕ್ಯಾನ್ಸರ್ ತಿರುಗಿ ಬರುತ್ತದೆ ಅನ್ನುವ ಮಾತು ನಿಜವಲ್ಲ. ಈ ಹೆದರಿಕೆ ನನಗೆ ಹುಟ್ಟಿಸಿದವರು ಮೂವರು. ಮೂವರೂ ಮದುವೆ ಮನೆಯಲ್ಲಿ ಸಿಕ್ಕವರು.

ನಾನು ಬೇಕು ಅಂದದ್ದಕ್ಕೆ ದೊಡ್ಡ ಕಾರಣ ಇಲ್ಲ. ಸೆರಗು ಎಡಭುಜದಿಂದ ಜಾರುವಾಗೆಲ್ಲ ನೋಡುವವರ ಕಣ್ಣು ಎಲ್ಲಿ ಹೋಗುತ್ತದೆ ಅಂತ ಲೆಕ್ಕ ಹಾಕುತ್ತಾ ಬದುಕಲು ನನಗೆ ಇಷ್ಟವಿರಲಿಲ್ಲ. ಅಷ್ಟೇ.

ಮೊದಲ ಭೇಟಿಯಲ್ಲಿ ಕೇಳಬೇಕಾದ್ದು

ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಇದೆ. ಪರೀಕ್ಷೆ, ಕಿಮೋ, ಮುಂದಿನ ದಾರಿ ಕೇಳಲು ಮೊದಲು ಅಲ್ಲಿಗೆ ಹೋಗುವವರು ಬಹಳ. ಸ್ತನ ಕಟ್ಟುವ ಕೆಲಸಕ್ಕೆ ಕ್ಯಾನ್ಸರ್ ಸರ್ಜನ್ ಜೊತೆ ಪ್ಲಾಸ್ಟಿಕ್ ಸರ್ಜನ್ ಕೂಡ ಬೇಕು. ಇಬ್ಬರೂ ಆಪರೇಷನ್ ಮುಂಚೆಯೇ ನಿಮ್ಮನ್ನು ನೋಡಿರಬೇಕು. ಬಯಾಪ್ಸಿ ರಿಪೋರ್ಟ್ ಬಂದ ದಿನವೇ "ಸ್ತನ ಮತ್ತೆ ಕಟ್ಟುವ ವಿಷಯ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮಾತಾಡಬೇಕು" ಅಂತ ನೀವೇ ಬಾಯಿ ಬಿಟ್ಟು ಕೇಳಿ. ಕೇಳದಿದ್ದರೆ ಕೆಲವು ಕಡೆ ಆ ಮಾತೇ ಬರುವುದಿಲ್ಲ.

ನಮ್ಮಿಂದ ಸೊಲ್ಲಾಪುರ ಸುಮಾರು 110 ಕಿಲೋಮೀಟರ್, ಹೈದರಾಬಾದ್ ಸುಮಾರು 220. ಬೆಂಗಳೂರಿಗೆ ರಾತ್ರಿ ರೈಲು. ಬೀದರಿನವರಿಗೆ ಹೈದರಾಬಾದೇ ಹತ್ತಿರ. ಊರು ಆರಿಸುವಾಗ ಆಪರೇಷನ್ ದಿನವನ್ನಷ್ಟೇ ನೋಡಬೇಡಿ. ಆಮೇಲೆ ಹೊಲಿಗೆ ಕೆಂಪಾದರೆ ರಾತ್ರೋರಾತ್ರಿ ಹೋಗಲು ಆಗುತ್ತದಾ ಅಂತ ನೋಡಿ. ಸರ್ಜನ್ ಹತ್ತಿರ ಇನ್ನೊಂದು ಪ್ರಶ್ನೆ ಕೇಳಿ. ಒಂದೆರಡು ಸಲವಾದರೂ ತುಂಬಿಸುವುದನ್ನು ನಮ್ಮೂರಿನ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮಾಡಿಸಬಹುದಾ? ಒಪ್ಪಿದರೆ ಎಷ್ಟು ಎಂಎಲ್, ಯಾವ ಕಂಪನಿ ಚೀಲ ಎಂದು ಪತ್ರ ಬರೆಸಿಕೊಳ್ಳಿ. ಒಪ್ಪದಿದ್ದರೆ ಹಟ ಮಾಡಬೇಡಿ. ಓಣಿಯ ಕ್ಲಿನಿಕ್ಕಿನಲ್ಲಿ ಮಾತ್ರ ಯಾವ ಕಾರಣಕ್ಕೂ ಸೂಜಿ ಹಾಕಿಸಿಕೊಳ್ಳಬೇಡಿ. ಸೂಜಿ ಸ್ವಲ್ಪ ತಪ್ಪಿದರೆ ಚೀಲವೇ ತೂತು.

ಆಮೇಲೆ ಆಪರೇಷನ್ ನಂತರ ಕರೆಂಟ್ ಕೊಡಬೇಕಾಗಬಹುದಾ ಅಂತ ಕೇಳಿ. ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಹೇಳುವುದು. ಎಕ್ಸ್‌ಪ್ಯಾಂಡರ್ ಮತ್ತು ಕರೆಂಟ್ ಒಂದಕ್ಕೊಂದು ಅಷ್ಟು ಹೊಂದುವುದಿಲ್ಲ. ಸೋಂಕು ಜಾಸ್ತಿ, ಚೀಲದ ಸುತ್ತ ಮೈ ಕಟ್ಟುವ ಪೊರೆ ಗಟ್ಟಿಯಾಗುವುದೂ ಜಾಸ್ತಿ. ಕೊಡಲೇಬೇಕು ಅಂತಾದರೆ ಕೆಲವು ಸರ್ಜನ್ನರು ಸ್ತನ ಕಟ್ಟುವುದನ್ನು ಮುಂದೂಡಿ, ಆಮೇಲೆ ಫ್ಲಾಪ್ ಮಾಡುವುದೇ ಒಳ್ಳೆಯದು ಅನ್ನುತ್ತಾರೆ. ಕೆಲವರು ಬೇಗ ತುಂಬಿಸಿ ಮುಗಿಸಿ, ಕರೆಂಟ್ ಕೊಟ್ಟು, ತಿಂಗಳುಗಟ್ಟಲೆ ಕಾಯುತ್ತಾರೆ.

ತಂಬಾಕಿನ ವಿಷಯವನ್ನು ಮುಚ್ಚಿಡಬೇಡಿ. ಸಿಗರೇಟು ಸೇದುವವರಿಗೆ ಮಾತ್ರ ಅನ್ವಯ ಅಂತ ನಮ್ಮ ಹೆಂಗಸರು ಸುಮ್ಮನಿರುತ್ತಾರೆ. ಎಲೆ ಅಡಿಕೆ ಜೊತೆ ಹಾಕುವ ತಂಬಾಕು, ಗುಟ್ಕಾ, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ ಎಲ್ಲದರಲ್ಲೂ ನಿಕೋಟಿನ್ ಇದೆ. ಅದು ರಕ್ತನಾಳವನ್ನು ಕಿರಿದು ಮಾಡುತ್ತದೆ. ಮೊದಲೇ ತೆಳ್ಳಗಾದ ಎದೆಯ ಚರ್ಮಕ್ಕೆ ರಕ್ತ ಸಾಲದೆ ಕಪ್ಪಾಗಿ ಸಾಯಬಹುದು. ಆಪರೇಷನ್ ಮುಂಚೆ ಕಡಿಮೆ ಅಂದರೂ ನಾಲ್ಕು ವಾರ ಬಿಡಬೇಕು, ನಂತರವೂ ಮುಟ್ಟಬಾರದು. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹಿಡಿತಕ್ಕೆ ತರಬೇಕು. ಪೇಸ್‌ಮೇಕರ್ ಇದ್ದವರು ಮೊದಲ ಮಾತಿನಲ್ಲೇ ಹೇಳಿ. ಬಹಳಷ್ಟು ಎಕ್ಸ್‌ಪ್ಯಾಂಡರ್‌ಗಳ ಬಾಯಲ್ಲಿ, ಅಂದರೆ ಸೂಜಿ ಚುಚ್ಚಿ ತುಂಬಿಸುವ ಜಾಗದಲ್ಲಿ, ಅಯಸ್ಕಾಂತ ಇರುತ್ತದೆ.

ಇನ್ನೊಂದು. ಇಡುವ ಚೀಲ, ಇಂಪ್ಲಾಂಟ್ ನುಣುಪಿನದಾ, ಒರಟು ಮೈಯದ್ದಾ ಅಂತ ಕೇಳಿ. ಒರಟು ಮೈಯ ಇಂಪ್ಲಾಂಟ್ ಜೊತೆ ಲಿಂಫೋಮಾ ಅನ್ನುವ, ಬಿಳಿ ರಕ್ತಕಣದ ಅಪರೂಪದ ಒಂದು ಕ್ಯಾನ್ಸರ್ ಕಂಡುಬಂದು, 2019ರಲ್ಲಿ ಅಲರ್ಗನ್ ಕಂಪನಿಯ ಒಂದು ಬಗೆಯ ಒರಟು ಇಂಪ್ಲಾಂಟ್, ಎಕ್ಸ್‌ಪ್ಯಾಂಡರ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು.

ದುಡ್ಡು, ಕಾಗದ

ಆಸ್ಪತ್ರೆ ಹೇಳುವ ಮೊತ್ತದಲ್ಲಿ ಏನೇನಿದೆ ಅಂತ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಚೀಲದ ಬೆಲೆ, ಪ್ರತಿ ಸಲ ತುಂಬಿಸುವ ಚಾರ್ಜು, ಇಂಪ್ಲಾಂಟ್ ಬೆಲೆ, ಎರಡನೇ ಆಪರೇಷನ್. ನಾವು ಮೊದಲನೆಯದನ್ನೇ ಎಲ್ಲ ಅಂದುಕೊಂಡಿದ್ದೆವು. ಎರಡನೆಯದಕ್ಕೆ ಇನ್ನೊಮ್ಮೆ ಬಂಗಾರ ಬ್ಯಾಂಕಿಗೆ ಹೋಯಿತು.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸ್ತನ ತೆಗೆಯುವ ಆಪರೇಷನ್ ಸೇರಿದೆ ಅಂದ ಕೂಡಲೇ ಚೀಲವೂ ಸೇರಿದೆ ಅಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ (ಈ ಯೋಜನೆಯ ಮಾಹಿತಿ ಕೊಡುವವರು) ಕೂರುವ ಜಾಗಕ್ಕೆ ಹೋಗಿ ಅದನ್ನೇ ನೇರ ಕೇಳಿ. ಬೇರೆ ರಾಜ್ಯದ ಆಸ್ಪತ್ರೆಗೆ ಹೋಗುವವರಂತೂ ಹೊರಡುವ ಮುಂಚೆಯೇ ಕೇಳಬೇಕು.

ಖಾಸಗಿ ಆರೋಗ್ಯ ವಿಮೆ ಇದ್ದವರಿಗೆ "ಇದು ಕಾಸ್ಮೆಟಿಕ್, ಕೊಡಲ್ಲ" ಅಂತ ಫೋನಿನಲ್ಲಿ ಹೇಳುವವರು ಸಿಗುತ್ತಾರೆ. ನಮಗೂ ಹೇಳಿದರು. ಪಾಲಿಸಿ ಪುಸ್ತಕ ತೆಗೆದು ಕಾಸ್ಮೆಟಿಕ್ ಸರ್ಜರಿಯ ಸಾಲು ಓದಿ. ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ಪದಗಳಲ್ಲೇ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರ ಅಂಗ ಮತ್ತೆ ಕಟ್ಟುವುದಕ್ಕೆ ಆ ನಿಷೇಧ ಇಲ್ಲ ಅಂತ ಇದೆ. ಸರ್ಜನ್ ಬರೆಯುವ ಪತ್ರದಲ್ಲಿ "ಕ್ಯಾನ್ಸರ್‌ಗಾಗಿ ಸ್ತನ ತೆಗೆದ ನಂತರದ ಪುನರ್ನಿರ್ಮಾಣ" ಎಂದು ಸ್ಪಷ್ಟ ಇರಲಿ. ಆ ಒಂದು ಸಾಲಿನಿಂದ ನಮ್ಮ ಫೈಲು ಓಡಿತು.

ರೈಲಿನ ರಿಯಾಯಿತಿ ಬಿಡಬೇಡಿ. ಚಿಕಿತ್ಸೆಗೆ, ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ 75 ಶೇಕಡಾ. ಅದಕ್ಕೆ ಆಸ್ಪತ್ರೆಯಿಂದ ರೈಲ್ವೆ ನಮೂನೆಯಲ್ಲೇ ಸರ್ಟಿಫಿಕೇಟ್ ಬೇಕು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ.

ಮನೆಯಲ್ಲಿ ಮುಂಚೆಯೇ ಮಾಡಿಡಿ

ಮೇಲಿನ ಕಪಾಟಿನ ಡಬ್ಬಿಗಳನ್ನೆಲ್ಲ ಸೊಂಟದ ಎತ್ತರಕ್ಕೆ ಇಳಿಸಿ. ಮುಂದೆ ಗುಂಡಿ ಅಥವಾ ಜಿಪ್ ಇರುವ ಸಡಿಲ ನೈಟಿ ನಾಲ್ಕು ತನ್ನಿ. ತಲೆ ಮೇಲಿಂದ ಹಾಕುವ ಬಟ್ಟೆ ಕೆಲವು ವಾರ ಬೇಡ. ಮಲಗುವುದು ಅಂಗಾತ, ಬೆನ್ನಿಗೆ ಎರಡು ಮೂರು ದಿಂಬು ಒತ್ತಿ. ನೆಲದ ಹಾಸಿಗೆಯಿಂದ ಏಳುವಾಗ ಕೈ ಊರಬೇಕಾಗುತ್ತದೆ, ಆದ್ದರಿಂದ ಮಂಚ ಬೇಕು.

ರೊಟ್ಟಿ ಬಡಿಯಲು ಯಾರನ್ನಾದರೂ ಗೊತ್ತು ಮಾಡಿ, ಇಲ್ಲವೇ ಖಾನಾವಳಿಯಿಂದ ತರಿಸಿ. ಕಡಕ್ ರೊಟ್ಟಿ ಒಂದು ಗಂಟು ತಂದಿಟ್ಟರೆ ತಿಂಗಳು ಕಳೆಯುತ್ತದೆ. ತುಂಬಿದ ಕೊಡ ಎತ್ತುವುದು, ಬಟ್ಟೆ ಒಗೆದು ಹಿಂಡುವುದು, ಮಗುವನ್ನು ಎತ್ತಿಕೊಳ್ಳುವುದು ಎಲ್ಲ ಸರ್ಜನ್ ಸರಿ ಅನ್ನುವವರೆಗೆ ಬಂದ್. ನೋಡಲು ಬರುವ ನೆಂಟರಿಗೆ ಹದಿನೈದು ದಿನ ಬಿಟ್ಟು ಬರಲು ಹೇಳಿ. ಬೇಜಾರಾಗುತ್ತಾರೆ, ಆಗಲಿ.

ಡ್ರೇನ್ ಡಬ್ಬಿ

ಆಪರೇಷನ್ ಆದ ಜಾಗದಿಂದ ಒಂದೋ ಎರಡೋ ನಳಿಗೆ ಹೊರಗೆ ಬಂದು ಡಬ್ಬಿಗೆ ಸೇರಿರುತ್ತದೆ. ಒಳಗೆ ಸೇರುವ ನೀರು ಇದರಿಂದ ಹೊರಗೆ ಬರುತ್ತದೆ. ಮೊದಲು ಕೆಂಪು, ದಿನ ಕಳೆದ ಹಾಗೆ ತಿಳಿ ಹಳದಿ. ದಿನಾ ಒಂದೇ ಹೊತ್ತಿಗೆ ಅಳೆದು, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಎಂಎಲ್ ಬರೆಯಿರಿ. ಎರಡು ಡಬ್ಬಿ ಇದ್ದರೆ ಬೇರೆ ಬೇರೆ ಬರೆಯಬೇಕು. ಸಾಮಾನ್ಯವಾಗಿ ಒಂದೆರಡು ದಿನ 24 ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಬಂದರೆ ತೆಗೆಯುತ್ತಾರೆ. ಒಂದೆರಡು ವಾರ ಹಿಡಿಯುತ್ತದೆ. ಡಬ್ಬಿ ಮುಟ್ಟುವ ಮುಂಚೆ ಸೋಪಿನಿಂದ ಕೈ ತೊಳೆಯದೆ ಯಾರೂ ಹತ್ತಿರ ಬರಬಾರದು, ಗಂಡನೂ ಸೇರಿ.

ಡಬ್ಬಿ ನೇತಾಡಿದರೆ ಎಳೆತ. ನಮ್ಮ ತಂಗಿ ಹಳೆಯ ಹತ್ತಿ ಸೀರೆಯಲ್ಲಿ ಒಂದು ಸಣ್ಣ ಚೀಲ ಹೊಲಿದು ಕೊರಳಿಗೆ ಹಾಕಿದಳು. ಡಬ್ಬಿ ಅದರಲ್ಲಿ, ನೈಟಿ ಮೇಲೆ, ಮೇಲೊಂದು ದುಪ್ಪಟ್ಟಾ. ಯಾರಿಗೂ ಗೊತ್ತಾಗಲಿಲ್ಲ. ಹೊಲಿಗೆ ಮೇಲೆ ಅರಿಶಿನ, ಎಣ್ಣೆ, ವಿಭೂತಿ ಏನೂ ಹಚ್ಚಬೇಡಿ. ನಳಿಗೆ ತೆಗೆಯುವವರೆಗೆ ಸ್ನಾನ ಅಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದಷ್ಟೇ.

ಕಂಕುಳಿನ ಲಿಂಫ್ ಗಂಟು ತೆಗೆದಿದ್ದರೆ ಆ ಕೈಗೆ ಬಿಪಿ ಪಟ್ಟಿ, ಸೂಜಿ ಬೇಡ ಅಂತ ಪ್ರತಿ ಸಲ ನೀವೇ ನೆನಪಿಸಿ. ಆ ಕೈಯ ಬಿಗಿ ಬಳೆ ತೆಗೆದಿಡಿ. "ಬಳೆ ಇಲ್ಲದ ಕೈ ಛಲೋ ಅಲ್ಲ" ಅನ್ನುವವರಿಗೆ ಇನ್ನೊಂದು ಕೈ ತೋರಿಸಿ. ಬೆರಳಿನಿಂದ ಗೋಡೆ ಹತ್ತುವ ವ್ಯಾಯಾಮ ಯಾವಾಗ ಶುರು ಅಂತ ಸರ್ಜನ್ ಹೇಳುತ್ತಾರೆ. ಹೇಳಿದ ದಿನದಿಂದ ಬಿಡದೆ ಮಾಡಿ, ಇಲ್ಲದಿದ್ದರೆ ಭುಜ ಹಿಡಿದುಕೊಳ್ಳುತ್ತದೆ.

ತುಂಬಿಸುವ ದಿನ

ಇದಕ್ಕೇ ಜನ ಹೆದರುವುದು. ನಿಜ ಹೇಳಬೇಕೆಂದರೆ ಸೂಜಿ ನನಗೆ ಗೊತ್ತೇ ಆಗಲಿಲ್ಲ. ಸ್ತನ ತೆಗೆದ ಮೇಲೆ ಅಲ್ಲಿನ ಚರ್ಮ ಜೋಮು ಹಿಡಿದ ಹಾಗೆ ಇರುತ್ತದೆ. ಒಂದು ಸಣ್ಣ ಅಯಸ್ಕಾಂತವನ್ನು ಚರ್ಮದ ಮೇಲೆ ಓಡಿಸಿ ಚೀಲದ ಬಾಯಿ ಹುಡುಕುತ್ತಾರೆ. ಪೆನ್ನಿನಿಂದ ಗುರುತು, ಸ್ವಚ್ಛ ಮಾಡುವುದು, ಸೂಜಿ, ಸಲೈನ್. ಹದಿನೈದು ನಿಮಿಷದ ಕೆಲಸ. ಒಂದು ಸಲಕ್ಕೆ 50ರಿಂದ 100 ಎಂಎಲ್ ಹಾಕುವುದು ರೂಢಿ. ನನಗೆ 60 ಹಾಕುತ್ತಿದ್ದರು.

ನೋವು ಬರುವುದು ಆಮೇಲೆ. ಬಸ್ಸು ಹುಮನಾಬಾದ್ ದಾಟುವ ಹೊತ್ತಿಗೆ ಎದೆಗೆ ಬಿಗಿ ಪಟ್ಟಿ ಸುತ್ತಿದ ಹಾಗೆ. ಬೆನ್ನು, ಭುಜ ಎಲ್ಲ ಹಿಡಿಯುತ್ತದೆ. ಒಂದೆರಡು ದಿನದಲ್ಲಿ ಸಡಿಲ ಆಗುತ್ತದೆ. ಸರ್ಜನ್ ಒಪ್ಪಿದ ನೋವಿನ ಮಾತ್ರೆಯನ್ನು ಹೊರಡುವ ಮುಂಚೆಯೇ ಕೇಳಿಟ್ಟುಕೊಳ್ಳಿ. ಕುರ್ಚಿಯಲ್ಲಿ ಕೂತಾಗಲೇ ತಡೆಯಲಾರದ ನೋವಾದರೆ "ಸಾಕು" ಅನ್ನಿ. ಸ್ವಲ್ಪ ವಾಪಸ್ ತೆಗೆಯಬಹುದು. ನಾನು ಮೂರನೇ ಸಲ ಹಲ್ಲು ಕಚ್ಚಿ ಕೂತೆ, ಆರನೇ ಸಲ ಬರುವುದು ತಪ್ಪಲಿ ಅಂತ. ಆ ರಾತ್ರಿ ಪೂರ್ತಿ ನಿದ್ದೆ ಇಲ್ಲ. ದುರಾಸೆ.

ಪ್ರಯಾಣಕ್ಕೆ ಒಂದು ಸಣ್ಣ ದಿಂಬು ಇಟ್ಟುಕೊಳ್ಳಿ. ಕಾರಿನಲ್ಲಿ ಸೀಟ್ ಬೆಲ್ಟ್ ಮತ್ತು ಎದೆಯ ನಡುವೆ, ಬಸ್ಸಿನಲ್ಲಿ ಎದೆಗೆ ಅಪ್ಪಿಕೊಂಡು. ಬಸ್ಸಾದರೆ ಹಿಂದಿನ ಚಕ್ರದ ಮೇಲಿನ ಸೀಟು ಬೇಡ. ರೈಲಾದರೆ ಕೆಳಗಿನ ಬರ್ತ್. ನಿಲ್ದಾಣದಿಂದ ಮನೆಗೆ ಆಟೋದವನಿಗೆ "ನಿಧಾನ ಹೋಗ್ರಿ ಅಣ್ಣಾ, ಆಪರೇಷನ್ ಆಗ್ಯದ" ಅಂದರೆ ಸಾಕು. ನಮ್ಮೂರಿನ ಆಟೋದವರು ಆ ಒಂದು ಮಾತಿಗೆ ಗುಂಡಿಗೊಂದು ಸಲ ತಿರುಗಿ ನೋಡುತ್ತಾ ಹೋಗುತ್ತಾರೆ.

ಚೀಲ ತುಂಬಿದ ಹಾಗೆ ಎದೆ ಗಟ್ಟಿ, ದುಂಡಗೆ, ಇನ್ನೊಂದಕ್ಕಿಂತ ಮೇಲೆ ಕಾಣುತ್ತದೆ. ಕನ್ನಡಿ ನೋಡಿ ಹೆದರಬೇಡಿ, ಇದು ಕೊನೆಯ ರೂಪ ಅಲ್ಲ. ಸೆರಗನ್ನು ಪಿನ್ ಮಾಡದೆ ಅಗಲವಾಗಿ ಹೊದ್ದರೆ ಏರುಪೇರು ಮುಚ್ಚುತ್ತದೆ. ಎಡಕ್ಕೇ ಆಗಿದ್ದರೆ ಇನ್ನೂ ಸುಲಭ. ತಂತಿ ಇರುವ ಬ್ರಾ ಬೇಡ.

ಬೇಸಿಗೆ ದೊಡ್ಡ ಪರೀಕ್ಷೆ. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆರೆಯುತ್ತದೆ. ಒಣ ಹತ್ತಿ ಬಟ್ಟೆಯಿಂದ ಮೆತ್ತಗೆ ಒತ್ತಿ ಒರೆಸಿ. ಜೋಮು ಹಿಡಿದ ಜಾಗಕ್ಕೆ ಬಿಸಿನೀರಿನ ಚೀಲ, ಐಸ್ ಎರಡೂ ಇಡಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ.

ಕಿಮೋ ನಡೆಯುತ್ತಿದ್ದರೆ ಕಿಮೋ ಕೊಡುವ ಡಾಕ್ಟರ್, ಚೀಲ ತುಂಬಿಸುವ ಡಾಕ್ಟರ್, ಒಬ್ಬರ ತಾರೀಖು ಇನ್ನೊಬ್ಬರಿಗೆ ತಿಳಿದಿರಬೇಕು. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಸೂಜಿ ಹಾಕುವುದಿಲ್ಲ. ನನ್ನ ಕಿಮೋ ಕಲಬುರಗಿಯಲ್ಲಿ, ತುಂಬಿಸುವುದು ಹೈದರಾಬಾದಿನಲ್ಲಿ. ನಡುವೆ ಚೀಟಿ ಹೊತ್ತು ತಿರುಗಿದವಳು ನಾನೇ.

ಎಂಆರ್‌ಐ ಮತ್ತು ಒಂದು ಕಾರ್ಡು

ಚೀಲದ ಬಾಯಲ್ಲಿ ಅಯಸ್ಕಾಂತ ಇದ್ದರೆ ಎಂಆರ್‌ಐ ಯಂತ್ರ ಅದನ್ನು ಎಳೆಯಬಹುದು, ತಿರುಗಿಸಬಹುದು. ಅಂಥ ಚೀಲ ಇರುವಷ್ಟು ದಿನ ಎಂಆರ್‌ಐ ಬೇಡ. ಅಯಸ್ಕಾಂತ ಇಲ್ಲದ ಚೀಲಗಳೂ ಈಗ ಬಂದಿವೆ, ನಿಮ್ಮದು ಯಾವುದು ಅಂತ ಸರ್ಜನ್ ಬರೆದುಕೊಡಲಿ.

ನನಗೆ ಬೆನ್ನುನೋವು ಅಂತ ಊರಿನ ಒಂದು ಸ್ಕ್ಯಾನ್ ಸೆಂಟರಿಗೆ ಹೋದಾಗ ಫಾರಂ ತುಂಬಿದವರು ನಮ್ಮ ಮನೆಯವರು. "ಮೈಯೊಳಗೆ ಲೋಹ" ಅನ್ನುವ ಕಡೆ ಇಲ್ಲ ಅಂತ ಗೀಟು ಎಳೆದಿದ್ದರು. ಚೀಲ ಅಂದರೆ ನೀರಿನ ಬಲೂನು ಅಂತ ಅವರ ಲೆಕ್ಕ. ಅಲ್ಲಿನವರು ಎರಡನೇ ಸಲ ಕೇಳಲೂ ಇಲ್ಲ. ಮೇಜಿನ ಮೇಲೆ ಮಲಗುವ ಹೊತ್ತಿಗೆ ನನಗೇ ನೆನಪಾಗಿ ಎದ್ದು ಬಂದೆ. ಚೀಲದ ಜೊತೆ ಬರುವ ಕಾರ್ಡಿನ ಫೋಟೊ ನಿಮ್ಮ ಫೋನಿನಲ್ಲೂ ಮನೆಯವರ ಫೋನಿನಲ್ಲೂ ಇರಲಿ. ವಿಮಾನದಲ್ಲಿ ಹೋಗುವವರಿಗೆ ಸೆಕ್ಯುರಿಟಿಯಲ್ಲಿ ಸದ್ದಾದರೆ ಅದೇ ಕಾರ್ಡು ತೋರಿಸಲು ಬೇಕು.

ಕಾಯಬಾರದ ಹೊತ್ತು

ಜ್ವರ 101 ಡಿಗ್ರಿ ದಾಟಿದರೆ, ಎದೆ ಕೆಂಪಾಗಿ ಬಿಸಿಯಾದರೆ, ಕೆಂಪು ಹರಡುತ್ತಿದ್ದರೆ, ಹೊಲಿಗೆಯಿಂದ ಕೀವು ಅಥವಾ ವಾಸನೆ ಬಂದರೆ, ಹೊಲಿಗೆ ಬಿಟ್ಟು ಒಳಗಿನ ಚೀಲ ಕಂಡರೆ, ಚರ್ಮ ಕಪ್ಪಾದರೆ, ಇದ್ದಕ್ಕಿದ್ದಂತೆ ಒಂದು ಕಡೆ ಊದಿಕೊಂಡರೆ ಅದೇ ದಿನ ಸರ್ಜನ್‌ಗೆ ಫೋನ್ ಮಾಡಿ. ನಾಳೆ ಅಮಾವಾಸ್ಯೆ, ನಾಡಿದ್ದು ಹೋಗೋಣ ಅನ್ನಬೇಡಿ. ಕೆಂಪಾದ ಜಾಗದ ಫೋಟೊ ತೆಗೆದು, ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದರೆ ಹರಡುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸೋಂಕು ಬೇಗ ಹಿಡಿದರೆ ಔಷಧಿಯಲ್ಲೇ ಹೋಗಬಹುದು. ತಡವಾದರೆ ಚೀಲ ತೆಗೆಯಬೇಕಾಗುತ್ತದೆ. ತೆಗೆದರೂ ಅಲ್ಲಿಗೆ ದಾರಿ ಮುಗಿಯಲಿಲ್ಲ, ಕೆಲವು ತಿಂಗಳ ನಂತರ ಮತ್ತೆ ಯೋಚಿಸಬಹುದು. ಕಿಮೋದಲ್ಲಿ ಇರುವವರಿಗೆ 100.4 ಡಿಗ್ರಿ ಜ್ವರವೇ ತುರ್ತು. ಸರ್ಜನ್ ದೂರ ಇದ್ದರೆ ಮೊದಲು ಇಲ್ಲಿನ ಆಸ್ಪತ್ರೆಗೆ ಹೋಗಿ, ಫೋನ್ ಅಲ್ಲಿಂದ ಮಾಡಿ.

ಚೀಲ ಸೋರಿ ಎದೆ ಇಳಿದುಹೋದರೆ ಗಾಬರಿ ಬೇಡ. ಒಳಗಿರುವುದು ಉಪ್ಪುನೀರು, ಮೈ ಹೀರಿಕೊಳ್ಳುತ್ತದೆ. ಆದರೂ ತೋರಿಸಬೇಕು.

ಎರಡನೇ ಆಪರೇಷನ್

ಮೊದಲನೆಯದಕ್ಕೆ ಹೋಲಿಸಿದರೆ ಇದು ಹಗುರ. ಸಾಮಾನ್ಯವಾಗಿ ಹಳೆಯ ಗಾಯದ ಗೆರೆಯಲ್ಲೇ ತೆರೆದು ಚೀಲ ತೆಗೆದು ಇಂಪ್ಲಾಂಟ್ ಇಡುತ್ತಾರೆ. ಎಚ್ಚರ ಆದ ಕೂಡಲೇ ನನಗೆ ಗೊತ್ತಾದದ್ದು ಕಲ್ಲು ಹೋಗಿದೆ ಅಂತ. ಮೆತ್ತಗಿತ್ತು. ಆದರೆ ಸ್ಪರ್ಶ ಮೊದಲಿನಂತೆ ಬರಲಿಲ್ಲ. ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವೂ ಅಲ್ಲ, ಮುಂದೆ ಎಂದಾದರೂ ಬದಲಿಸಬೇಕಾಗಬಹುದು. ತೊಟ್ಟು ಬೇಕಾದವರಿಗೆ ಕೆಲವು ತಿಂಗಳ ನಂತರ ಸಣ್ಣ ಆಪರೇಷನ್ ಅಥವಾ ಹಚ್ಚೆ. ನಾನು ಬಿಟ್ಟೆ. ಉಳಿದ ಸ್ತನದ ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಡಾಕ್ಟರ್ ಹೇಳಿದ ಹಾಗೆ ವರ್ಷವರ್ಷ ನಡೆಯುತ್ತಿರಬೇಕು.

ಬ್ಲೌಸ್ ಹೊಲಿಸಲು ಅವಸರ ಮಾಡಬೇಡಿ. ಊತ ಇಳಿದು ಇಂಪ್ಲಾಂಟ್ ತನ್ನ ಜಾಗದಲ್ಲಿ ಕೂರಲು ಮೂರು ತಿಂಗಳು ಬೇಕು. ನಾನು ತಿಂಗಳಿಗೇ ಅಳತೆ ಕೊಟ್ಟು ಎರಡು ಬ್ಲೌಸ್ ಕೆಡಿಸಿದೆ. ದಸರೆಗೆ ಮತ್ತೆ ಹೋದೆ. ಟೈಲರ್ ಅಕ್ಕ ಟೇಪು ಹಿಡಿದು ಎಡಕ್ಕೆ ಒಂದು, ಬಲಕ್ಕೆ ಒಂದು ಅಳತೆ ಬರೆದುಕೊಂಡು, ಏನೂ ಕೇಳದೆ, "ಎಡಕ್ಕ ಅರ್ಧ ಇಂಚು ಒಳಗ ಬಿಟ್ಟಿರ್ತೀನ್ರೀ" ಅಂದಳು.